ಚೆಂಡು ಮುಖಕ್ಕೆ ಬರುವಾಗ

ಬೀಗಕ್ಕನಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ ಎಂದು ಫುಟ್‌ಬಾಲ್ ಕ್ಲಬ್ಬಿನವರೆಲ್ಲ ನಂಬಿದ್ದರು. ನಂಬದೆ ಏನು ಮಾಡಿಯಾರು? ಹತ್ತು ಹನ್ನೆರಡು ವರ್ಷ ಗೋಲುಪೆಟ್ಟಿಗೆ ಕಾದವಳು ಅವಳು. ಎದುರು ತಂಡದ ಫಾರ್ವರ್ಡ್‌ಗಳು ನುಗ್ಗಿ ಬಂದರೆ ಅವರ ಕಾಲಿನ ಬುಡಕ್ಕೇ ತಲೆ ಕೊಟ್ಟು ಬಿದ್ದು ಚೆಂಡನ್ನು ತಬ್ಬಿಕೊಳ್ಳುತ್ತಿದ್ದಳು. ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು, ಮುಂದಿನ ಹಲ್ಲೊಂದು ಕಟ್ಟಿಸಿಕೊಂಡದ್ದು. ಅವಳು ನಿಂತರೆ ಗೋಲಿಗೆ ಬೀಗ ಜಡಿದ ಹಾಗೆ ಎಂದು ಗ್ಯಾಲರಿಯಿಂದ ಯಾರೋ ಕೂಗಿದ್ದೇ ಹೆಸರಾಗಿ ಅಂಟಿಕೊಂಡಿತು. ನಗರದ ಬಸ್ಸು ಓಡಿಸುವ ಅವಳ ಗಂಡ, ಮದುವೆಯಾದ ಹೊಸದರಲ್ಲಿ, "ಮದ್ವೆ ಆದ್ರೆ ಎಲ್ಲರ ಮನೆಗೂ ಬೀಗರು ಬರ್ತಾರೆ, ನಮ್ಮನೆಗೆ ಬೀಗಾನೇ ಬಂದಿದೆ" ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಆ ನಂಬಿಕೆ ಸುಳ್ಳಾಗಿ ಎರಡು ವರ್ಷ ಕಳೆದಿತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಒಂದು ಸಂಜೆಯ ಪಂದ್ಯ. ಕಾರ್ನರ್‌ನಿಂದ ಬಂದ ಚೆಂಡು ಗುಂಪಿನಲ್ಲಿ ಪುಟಿದು, ಯಾರದೋ ಕಾಲಿಗೆ ಸಿಕ್ಕಿ, ಒಂದೆರಡು ಮಾರು ದೂರದಿಂದ ನೇರವಾಗಿ ಅವಳ ಎಡಗಣ್ಣಿಗೆ ಬಡಿಯಿತು. ನೋವಿಗಿಂತ ಮೊದಲು ಬಂದದ್ದು ಕತ್ತಲೆ. ಹುಲ್ಲಿನ ಮೇಲೆ ಮಂಡಿಯೂರಿ, ದಪ್ಪ ಗ್ಲೌಸಿನ ಕೈಯಿಂದ ಮುಖ ತಡವಿಕೊಂಡಳು. ಗ್ಲೌಸಿಗೆ ಕಣ್ಣು ಯಾವುದು, ಕೆನ್ನೆ ಯಾವುದು ಎಂದು ತಿಳಿಯಲಿಲ್ಲ. ಕಣ್ಣು ಇದೆಯೋ ಹೋಯಿತೋ ಎನ್ನುವುದೇ ತಿಳಿಯದೆ ಕೂತ ಆ ಗಳಿಗೆ ಅವಳ ಮೈಯೊಳಗೆ ಎಲ್ಲೋ ಇಳಿದು ಕೂತುಬಿಟ್ಟಿತು. ಕಣ್ಣು ಹೋಗಿರಲಿಲ್ಲ. ಊತ ಇಳಿಯಿತು, ಪಟ್ಟಿ ಬಿಚ್ಚಿದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕಣ್ಣು ಗಟ್ಟಿ ಇದೆ ಕಣಮ್ಮ, ಇನ್ನೂ ನಾಲ್ಕು ಏಟು ತಡಕೊಳ್ಳುತ್ತೆ" ಎಂದು ನಕ್ಕರು. ಅವಳೂ ನಕ್ಕಳು.

ಮತ್ತೆ ಮೈದಾನಕ್ಕೆ ಇಳಿದಾಗ ಗೊತ್ತಾಯಿತು. ನೆಲದ ಮೇಲೆ ಬರುವ ಚೆಂಡಿಗೆ ಏನೂ ತೊಂದರೆಯಿಲ್ಲ. ಹೊಟ್ಟೆಯ ಎತ್ತರಕ್ಕೆ ಬಂದರೂ ಸರಿ. ಮುಖದ ಎತ್ತರಕ್ಕೆ ಎದ್ದಿತೋ, ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು, ಕತ್ತು ಎಡಕ್ಕೆ ತಿರುಗಿಬಿಡುತ್ತಿತ್ತು. ಅವಳನ್ನು ಕೇಳಿ ಅಲ್ಲ. ತನ್ನನ್ನು ತಾನೇ ಬೈದುಕೊಂಡಳು, ತೊಡೆ ಚಿವುಟಿಕೊಂಡಳು, ರೆಪ್ಪೆ ಬಡಿಯದೆ ಗೋಡೆ ದಿಟ್ಟಿಸಿ ಕೂತಳು. ಚೆಂಡು ಎದ್ದರೆ ಕತ್ತಲೆಯೇ. ಕೆಲವು ಪಂದ್ಯ ಅದೃಷ್ಟದಿಂದ ಕಳೆದವು. ಆಮೇಲೊಂದು ದಿನ ನೆತ್ತಿಯ ಮೇಲೆ ಸುಮ್ಮನೆ ಕೈಯೆತ್ತಿದರೆ ಸಿಗಬೇಕಾಗಿದ್ದ ಚೆಂಡು ಒಳಕ್ಕೆ ಹೋಯಿತು. ಅವಳು ಎಡವಿದ್ದನ್ನು ನೋಡಿದವರು, "ಅಯ್ಯೋ, ಮಂಡಿ ಕೈಕೊಡ್ತು" ಎಂದರು. ಆ ಮಂಡಿಗೆ ಹಿಂದೆ ಆಪರೇಷನ್ ಆಗಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅವಳೂ ಮಂಡಿಯ ಮೇಲೆಯೇ ಭಾರ ಹಾಕಿ ಆಟಕ್ಕೆ ವಿದಾಯ ಹೇಳಿದಳು. ಹಾರ ಹಾಕಿದರು, ಎದೆಗಾರಿಕೆಯ ಬಗ್ಗೆ ಭಾಷಣ ಮಾಡಿದರು. ಕೂತಲ್ಲೇ ಅವಳಿಗೆ ಬೆವರು ಕಿತ್ತುಕೊಂಡು ಬಂತು.

ಕೆಲವೇ ತಿಂಗಳಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಕರೆಸಿದ. "ಆಟಗಾರ್ತಿಯರ ಬೆಳವಣಿಗೆಗೆ ಅಂತಾನೇ ಒಬ್ಬ ಕೋಚ್ ಬೇಕಾಗಿದಾರೆ. ಕಿರಿಯರ ತಂಡ ದಾಟಿದಾರೆ, ಹಿರಿಯರ ತಂಡಕ್ಕೆ ಇನ್ನೂ ಸಾಲದು, ನಡುವೆ ತ್ರಿಶಂಕು ಆಗಿರೋ ಹುಡುಗೀರು ಇದಾರಲ್ಲ, ಅವರನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ತಿದ್ದಬೇಕು. ಎಲ್ಲಿ ಕಮ್ಮಿ, ಯಾಕೆ ಕಮ್ಮಿ, ಮುಂದೇನು. ನಿನ್ನ ಬಿಟ್ರೆ ಯಾರಿದಾರೆ?"

ಕೂರಿಸಿಕೊಂಡು ಎಂಬ ಮಾತು ಅವಳ ಕಿವಿಗೆ ತಂಪಾಗಿ ಬಿತ್ತು. ಕುರ್ಚಿ, ಮೇಜು, ಮಾತು. ಚೆಂಡು ದೂರದಲ್ಲಿ, ಬೇರೆಯವರ ಕಾಲಲ್ಲಿ. ಒಪ್ಪಿಕೊಂಡಳು.

ಅವಳಿಗೆ ಕೊಟ್ಟ ಕೋಣೆ ಗ್ಯಾಲರಿಯ ಮೆಟ್ಟಿಲುಗಳ ಕೆಳಗಿತ್ತು. ಮೇಲ್ಛಾವಣಿ ಇಳಿಜಾರು, ಮೂಲೆಯಲ್ಲಿ ತಲೆ ತಗ್ಗಿಸಿಯೇ ಏಳಬೇಕು. ಮಡಚಿಟ್ಟ ಚಾಪೆಗಳ ರಬ್ಬರು ವಾಸನೆ, ಅಭ್ಯಾಸಕ್ಕೆ ಅಂಗಿಯ ಮೇಲೆ ತೊಡುವ, ಇನ್ನೂ ಒಣಗದ ಬಿಬ್‌ಗಳ ವಾಸನೆ. ಕಿಟಕಿಯ ಆಚೆ ಒಂದು ಖಾಲಿ ಗೋಡೆ. ಅಭ್ಯಾಸಕ್ಕೆ ಮೊದಲೇ ಬಂದ ಹುಡುಗಿಯರು ಆ ಗೋಡೆಗೇ ಚೆಂಡು ಒದೆಯುತ್ತಿದ್ದರು. ಧಪ್, ಧಪ್. ಪ್ರತಿ ಧಪ್ಪಿಗೂ ಅವಳ ಭುಜ ಕಿವಿಯತನಕ ಏರಿ ಇಳಿಯುತ್ತಿತ್ತು. ಮೊದಲ ವಾರವೇ ಮೇಜನ್ನು ಎಳೆದು, ಬೆನ್ನು ಗೋಡೆಗೆ ತಾಗುವಂತೆ, ಕಿಟಕಿ ಎದುರಿಗೆ ಕಾಣುವಂತೆ ಹಾಕಿಕೊಂಡಳು. ಬೆನ್ನ ಹಿಂದೆ ಸದ್ದು ಕೇಳುವುದಕ್ಕಿಂತ ಕಣ್ಣೆದುರು ನೋಡುವುದು ಮೇಲು ಅನ್ನಿಸಿತು.

ಕೆಲಸವೇನೋ ಕೈಹಿಡಿಯಿತು. ಗೋಲಿನಲ್ಲಿ ನಿಂತು ಇಡೀ ಆಟವನ್ನು ಎದುರಿಗೆ ನೋಡಿದವಳಾದ್ದರಿಂದ ಯಾರ ಕಾಲು ಎಲ್ಲಿ ತಡವಾಗುತ್ತದೆ, ಯಾರು ಚೆಂಡು ಬೇಡವೆಂದು ಡಿಫೆಂಡರ್‌ನ ಹಿಂದೆ ಅಡಗುತ್ತಾರೆ, ಎಲ್ಲ ಕಾಣುತ್ತಿತ್ತು. ಹುಡುಗಿಯರು ಬಂದು ಕೂತು ಮನಸ್ಸು ಬಿಚ್ಚುತ್ತಿದ್ದರು. ಅವರ ಹೆದರಿಕೆಗಳನ್ನು ಕೇಳಿ ಅವಳು ಸಮಾಧಾನ ಹೇಳುತ್ತಿದ್ದಳು. ಹೇಳುವಾಗ ತನ್ನ ಧ್ವನಿ ಎಷ್ಟು ಗಟ್ಟಿಯಾಗಿದೆ ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು.

ಅಷ್ಟರಲ್ಲಿ ಗೋಲ್‌ಕೀಪರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕೋಚ್ ಬೇರೆ ಕ್ಲಬ್ಬಿಗೆ ಹೊರಟುಹೋದ. ಮರುದಿನವೇ ಮುಖ್ಯ ಕೋಚ್ ಅವಳ ಬಾಗಿಲಲ್ಲಿ ನಿಂತಿದ್ದ. ದಪ್ಪ ಮೀಸೆಯ, ಕೂಗಿ ಕೂಗಿ ಗಂಟಲು ಒಡೆದ ಮನುಷ್ಯ.

"ಕೀಪರ್‌ಗಳೂ ಇವತ್ತಿಂದ ನಿನ್ನ ಪಾಲಿಗೆ. ಬೀಗಾನೂ ನೀನೇ, ಬೀಗದ ಕೈಯೂ ನಿನ್ನ ಹತ್ರಾನೇ ಇದೆ. ಹೊರಗಿಂದ ಯಾಕೆ ತರಬೇಕು?"

"ಸರ್, ನನ್ನ ಮಂಡಿ..."

"ಮಂಡಿ ಮೇಲೆ ಯಾರು ನಿಲ್ಲು ಅಂದ್ರು? ಸ್ವಲ್ಪ ತೋರಿಸಿಕೊಟ್ರೆ ಸಾಕು."

ಅವನು ಹೋದ ಮೇಲೂ ಬಹಳ ಹೊತ್ತು ಅವಳಿಗೆ ಕುರ್ಚಿಯಿಂದ ಏಳಲಾಗಲಿಲ್ಲ.

ಹೀಗೆ ಅವಳ ಕೈಗೆ ಬಂದವಳು ಕಡ್ಡಿ. ಹತ್ತೊಂಬತ್ತರ ಹುಡುಗಿ, ಉದ್ದನೆಯ ಸಣಕಲು ದೇಹ, ಉದ್ದ ಕೈಗಳು. ತೆಳ್ಳಗಿದ್ದಾಳೆಂದು ತಂಡದವರು ಇಟ್ಟ ಹೆಸರು ಅವಳಿಗೇ ಹಿಡಿಸಿತ್ತು. ಕಡ್ಡಿ ಬೀಗಕ್ಕನ ಆಟ ನೋಡಿಯೇ ಗೋಲ್‌ಕೀಪರ್ ಆದವಳು. ಬೀಗಕ್ಕ ಗ್ಲೌಸಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಗಿದರೆ ಅವಳೂ ಹಲ್ಲಿನಿಂದಲೇ ಬಿಗಿಯುವಳು. ಬೀಗಕ್ಕ ಬಲಗಂಬವನ್ನು ಹಿಮ್ಮಡಿಯಿಂದ ತಟ್ಟಿ ನಿಂತರೆ ಅವಳೂ ತಟ್ಟುವಳು. "ಇದು ಕಡ್ಡಿಯಲ್ಲ, ಕಾರ್ಬನ್ ಕಾಪಿ" ಎಂದು ಉಳಿದವರು ನಗುತ್ತಿದ್ದರು.

ಬೀಗಕ್ಕ ಆದಷ್ಟೂ ಗೋಲಿನಿಂದ ಹೊರಗೇ ಉಳಿದಳು. ಕೀಪರ್ ಹುಡುಗಿಯರನ್ನು ಗೋಲಿನಲ್ಲಿ ನಿಲ್ಲಿಸಿ ತಾನೇ ಚೆಂಡು ಒದೆಯುವಳು. ಬೀಳುವುದನ್ನು ತೋರಿಸುವಾಗ ಚೆಂಡಿಲ್ಲದೆ ಬಿದ್ದು ತೋರಿಸುವಳು. ಆದರೂ ಕೆಲವೊಮ್ಮೆ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಎದೆಗಿಂತ ಮೇಲೆ ಬರುವ ಚೆಂಡನ್ನು ಹೇಗೆ ಹಿಡಿಯಬೇಕೆಂದು ತೋರಿಸಲು ನಿಲ್ಲಲೇಬೇಕು. "ಮೆತ್ತಗೆ ಒದೀರಿ, ಕೈ ಎಲ್ಲಿದೆ ಅಂತ ನೋಡ್ಕೊಳ್ಳಿ ಅಷ್ಟೆ" ಎನ್ನುವಳು. ಮೆತ್ತಗೆ ಬಂದ ಚೆಂಡಿಗೂ ಕತ್ತು ಎಡಕ್ಕೆ ಹೊರಳುತ್ತಿತ್ತು. ಅದನ್ನು ಮುಚ್ಚಲು ಅವಳು ಒಂದು ಠೀವಿ ಕಲಿತಳು. ಚೆಂಡನ್ನು ನೋಡುವ ಅಗತ್ಯವೇ ಇಲ್ಲ ಎನ್ನುವ ಹಾಗೆ ಮುಖವನ್ನು ಪಕ್ಕಕ್ಕೆ ಸರಿಸಿ, ಅಂದಾಜಿನ ಮೇಲೆ ಕೈ ಚಾಚಿ ಹಿಡಿದು, ಹಿಡಿದ ಚೆಂಡನ್ನು ನಿರ್ಲಕ್ಷ್ಯದಿಂದ ಹಿಂದಕ್ಕೆ ಉರುಳಿಸುವುದು. ಎಷ್ಟೋ ವರ್ಷದ ಅಭ್ಯಾಸದ ಕೈ. ಮೆತ್ತನೆಯ ಚೆಂಡು ಸಿಕ್ಕಿಬಿಡುತ್ತಿತ್ತು. ಹುಡುಗಿಯರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅವಳ ಎದೆ ಮಾತ್ರ ಪಕ್ಕದವರಿಗೆ ಕೇಳಿಸೀತೇನೋ ಎನ್ನುವ ಹಾಗೆ ಹೊಡೆದುಕೊಳ್ಳುತ್ತಿತ್ತು.

ಮೊದಲು ಕಂಡುಹಿಡಿದವರು ಮನೆಯಲ್ಲಿದ್ದ ಅತ್ತೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಈರುಳ್ಳಿ ಆರಿಸುತ್ತ ಕೂತಿದ್ದವರು, "ತಗೋ" ಎಂದು ಒಂದನ್ನು ಸೊಸೆಯತ್ತ ಎಸೆದರು. ಅವಳು ಕೈ ಚಾಚಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಒಲೆಯ ಕಟ್ಟೆಗೆ ಅಂಟಿ ನಿಂತಳು. ಈರುಳ್ಳಿ ಗೋಡೆಗೆ ಬಡಿದು ಉರುಳಿತು.

ಅತ್ತೆ ಇನ್ನೊಂದು ಈರುಳ್ಳಿ ತೆಗೆದು, ಹೇಳಿಯೇ, ನಿಧಾನವಾಗಿ ಎಸೆದರು. ಮತ್ತೆ ಅದೇ.

"ಎಷ್ಟು ದಿನದಿಂದ ಹೀಗೆ?"

"ಅವರಿಗೆ ಹೇಳಬೇಡಿ ಅತ್ತೆ."

"ಅವನಿಗೆ ಯಾಕೆ ಹೇಳಲಿ, ನಾಳೆ ಬೆಳಗಾಗೋದ್ರಲ್ಲಿ ಬಸ್ಸಲ್ಲಿರೋರಿಗೆಲ್ಲ ಗೊತ್ತಾಗಿರುತ್ತೆ." ಅತ್ತೆ ತಮ್ಮ ಎಡಗೈ ತೋರುಬೆರಳನ್ನು ಎತ್ತಿ ತೋರಿಸಿದರು. ಉಗುರಿನ ನಡುವೆ ಒಂದು ಗೀರಿತ್ತು. "ಗಾರ್ಮೆಂಟ್ಸಲ್ಲಿದ್ದಾಗ ಸೂಜಿ ಆಚೆಯಿಂದ ಈಚೆ ಬಂದಿತ್ತು. ಆಮೇಲೆ ಪೆಡಲ್ ಮೇಲೆ ಕಾಲಿಟ್ರೆ ಕಾಲು ಗಡಗಡ. ಸೂಪರ್‌ವೈಸರ್ ಹತ್ರ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ."

"ಆಮೇಲೆ ಹೋಯ್ತಾ ಭಯ?"

"ಇಲ್ಲ ಕಣೇ. ಗುಂಡಿ ಹಚ್ಚೋ ಸೆಕ್ಷನ್‌ಗೆ ಹಾಕಿಸ್ಕೊಂಡೆ. ರಿಟೈರ್ ಆಗೋತನಕ ಗುಂಡೀನೇ ಹಚ್ಚಿದೆ."

ಅದು ಸಮಾಧಾನವೋ ಎಚ್ಚರಿಕೆಯೋ ಅವಳಿಗೆ ತಿಳಿಯಲಿಲ್ಲ. ಈರುಳ್ಳಿ ಎತ್ತಿ ಬುಟ್ಟಿಗೆ ಹಾಕಿದಳು.

ಪಂದ್ಯಗಳ ಋತುವಿನ ನಡುವೆ ಹಿರಿಯರ ತಂಡದ ಕೀಪರ್‌ಗೆ ಕೈ ಮುರಿದು ಕಡ್ಡಿಗೆ ಬಾಗಿಲು ತೆರೆಯಿತು. ಎರಡು ಪಂದ್ಯ ಆಡಿದಳು. ಎರಡರಲ್ಲೂ ತಡೆಯಬಹುದಾದ ಗೋಲು ಬಿಟ್ಟಳು. "ಏನಾಗ್ತಿದೆ ನೋಡು, ಮುಂದಿನ ಪಂದ್ಯಕ್ಕೆ ಮೊದಲು ಸರಿಮಾಡು" ಎಂದು ಮುಖ್ಯ ಕೋಚ್ ಬೀಗಕ್ಕನನ್ನು ವಿಡಿಯೋ ಕೋಣೆಗೆ ಕಳಿಸಿದ.

ವಿಡಿಯೋ ಕೋಣೆಯಲ್ಲಿ ಹಗಲಲ್ಲೂ ಕಿಟಕಿಗೆ ಪರದೆ ಎಳೆದಿರುತ್ತಿತ್ತು. ಯಂತ್ರ ನೋಡಿಕೊಳ್ಳುವವನು ಮೊದಲ ಗೋಲನ್ನು ಓಡಿಸಿದ. ಎದುರು ತಂಡದವಳು ಒದ್ದಳು, ಚೆಂಡು ಎದ್ದಿತು.

"ಇಲ್ಲಿ ನಿಲ್ಲಿಸ್ತೀನಿ ನೋಡಿ ಅಕ್ಕ" ಎಂದು ಅವನು ಚಿತ್ರ ನಿಲ್ಲಿಸಿದ.

ಪರದೆಯ ತುಂಬ ಕಡ್ಡಿಯ ಮುಖ. ಎಡಕ್ಕೆ ತಿರುಗಿದ ಕತ್ತು. ಅಂದಾಜಿನ ಮೇಲೆ ಚಾಚಿದ ಕೈ. ತುಟಿಯ ಮೇಲೆ ಆ ನಿರ್ಲಕ್ಷ್ಯ.

ಬೀಗಕ್ಕನಿಗೆ ಕನ್ನಡಿ ನೋಡಿದ ಹಾಗಿತ್ತು. ಎರಡನೆಯ ಗೋಲಿನಲ್ಲೂ ಅದೇ, ತಡೆದ ಚೆಂಡುಗಳಲ್ಲೂ ಅದೇ. "ಹುಡುಗಿಗೆ ಹೆದರಿಕೆ ಅಂತೀರಾ?" ಎಂದು ಯಂತ್ರದವನು ಕೇಳಿದ. ಇಲ್ಲ, ಆ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಅದೇ ಬೀಗಕ್ಕನನ್ನು ನಡುಗಿಸಿದ್ದು. ಹೆದರಿದವರು ಕೊನೆಯ ಗಳಿಗೆಯಲ್ಲಿ ಬಾಗಿಯಾದರೂ ತಪ್ಪಿಸಿಕೊಳ್ಳುತ್ತಾರೆ. ಈ ಹುಡುಗಿ ಚೆಂಡಿಗೆ ಕಿವಿಯ ಪಕ್ಕವನ್ನು ಒಡ್ಡಿ ನೆಟ್ಟಗೆ ನಿಂತಿದ್ದಳು. ಒಂದು ಗಟ್ಟಿ ಹೊಡೆತ ಬಂದರೆ ಅವಳಿಗೆ ಅದು ಬರುವುದೇ ಕಾಣುವುದಿಲ್ಲ. ಬೀಗಕ್ಕ ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ, ಬಚ್ಚಲಿನ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ನಲ್ಲಿ ತಿರುಗಿಸುವುದು ಮರೆತೇಹೋಗಿತ್ತು.

ಅಂದೇ ಹೇಳಿಬಿಡಬೇಕೆಂದುಕೊಂಡಳು. ಕಡ್ಡಿಯನ್ನು ಕೋಣೆಗೆ ಕರೆದಳು.

"ಚೆಂಡು ಬರುವಾಗ ಮುಖ ತಿರುಗಿಸ್ತಿದೀಯ. ತಿರುಗಿಸಬೇಡ. ಕೊನೇತನಕ ಚೆಂಡನ್ನೇ ನೋಡು."

ಕಡ್ಡಿ ಗಲಿಬಿಲಿಗೊಂಡಳು. "ಅದು ನಿಮ್ಮ ಟೆಕ್ನಿಕ್ ಅಲ್ವಾ ಅಕ್ಕ? ನೀವು ಹಾಗೇ ಹಿಡೀತೀರಲ್ಲ?"

ಹೊರಗೆ ಗೋಡೆಗೆ ಚೆಂಡು ಬಡಿಯುತ್ತಿತ್ತು. ಬಾಯಿಯ ತುದಿಗೆ ಬಂದ ಮಾತನ್ನು ಬೀಗಕ್ಕ ನುಂಗಿದಳು. ಹೇಳಿದರೆ ಹುಡುಗಿ ಏನೆಂದುಕೊಳ್ಳುತ್ತಾಳೆ, ತಂಡ ಏನೆನ್ನುತ್ತದೆ, ಚೆಂಡಿಗೆ ಹೆದರುವವಳನ್ನು ಕೋಚ್ ಎಂದು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

"ಅದು ಬೇರೆ. ನನಗೆ ಅನುಭವ ಇದೆ. ನೀನು ಇನ್ನೂ ಹಾಗೆ ಮಾಡಬಾರದು."

"ಸರಿ ಅಕ್ಕ" ಎಂದಳು ಕಡ್ಡಿ. ಆದರೆ ಅವಳ ಕಣ್ಣಲ್ಲಿದ್ದದ್ದು ಒಪ್ಪಿಗೆಯಲ್ಲ, ಆಸೆ. ಇನ್ನೂ ಮಾಡಬಾರದು ಎಂದರೆ ಮುಂದೆ ಮಾಡಬಹುದು ಎಂದಲ್ಲವೆ?

ಪಂದ್ಯದ ದಿನದವರೆಗೆ ಬೀಗಕ್ಕನಿಗೆ ಅನ್ನ ಸೇರಲಿಲ್ಲ. "ಆಡೋಳು ಅವಳು, ಉಪವಾಸ ನೀನಾ?" ಎಂದು ಗಂಡ ರೇಗಿಸಿದ. ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿ ಮಗನ ತಟ್ಟೆಗೆ ಇನ್ನಷ್ಟು ಬಡಿಸಿ ಬಾಯಿ ಮುಚ್ಚಿಸಿದರು.

ಪಂದ್ಯದಲ್ಲಿ ಬೀಗಕ್ಕ ಬೆಂಚಿನಲ್ಲಿ ಕೂರದೆ ಗೋಲಿನ ಹಿಂದೆ, ಜಾಹೀರಾತು ಹಲಗೆಯ ಆಚೆ ನಿಂತಳು. ಮೊದಲರ್ಧ ಹೇಗೋ ಕಳೆಯಿತು. ಚೆಂಡು ಹತ್ತಿರ ಬಂದಾಗಲೆಲ್ಲ ಕಡ್ಡಿ ಅನುಮಾನಿಸುತ್ತಿದ್ದಳು. ಒಮ್ಮೆ ಮುಖ ತಿರುಗಿಸಲು ಹೋಗಿ ತಡೆಯುತ್ತಿದ್ದಳು, ಒಮ್ಮೆ ಚೆಂಡು ನೋಡಲು ಹೋಗಿ ಕೈ ಮರೆಯುತ್ತಿದ್ದಳು. ಅತ್ತ ಹಳೆಯದೂ ಇಲ್ಲ, ಇತ್ತ ಹೊಸದೂ ಇಲ್ಲ. ತಾನು ಹೇಳಿದ ಅರ್ಧ ಮಾತು ಹುಡುಗಿಯ ಮೈಯಲ್ಲಿ ಹೀಗೆ ಗೊಂದಲವಾಗಿ ಕುಣಿಯುತ್ತಿರುವುದನ್ನು ಬೀಗಕ್ಕ ಉಸಿರು ಬಿಗಿಹಿಡಿದು ನೋಡಿದಳು. ಈಗಲಾದರೂ ಹುಡುಗಿಯನ್ನು ಬದಲಿಸಿ ಎಂದು ಮುಖ್ಯ ಕೋಚ್‌ನ ಹತ್ತಿರ ಓಡಿಹೋಗಬೇಕು ಅನ್ನಿಸಿತು. ಯಾಕೆ ಎಂದು ಕೇಳಿದರೆ? ಕಾಲು ಏಳಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಎದುರು ತಂಡದ ಗಟ್ಟಿಗಿತ್ತಿ ಫಾರ್ವರ್ಡ್ ಒಬ್ಬಳು ಹತ್ತಿರದಿಂದ ಬಿಗಿಯಾಗಿ ಒದ್ದಳು. ಚೆಂಡು ಮುಖದ ಎತ್ತರಕ್ಕೆ ಬಂತು. ಕಡ್ಡಿಯ ಕತ್ತು ಎಡಕ್ಕೆ ಹೊರಳಿತು. ಬಲಗಿವಿಯ ಹಿಂದೆ ಬಡಿದ ಸದ್ದು ಬೀಗಕ್ಕನಿಗೆ ತನ್ನ ತಲೆಯೊಳಗೇ ಕೇಳಿಸಿತು.

ಹುಡುಗಿ ಸದ್ದಿಲ್ಲದೆ ಬಿದ್ದಳು. ಕಡಿದ ಬಳ್ಳಿಯ ಹಾಗೆ, ಕೈ ಕೂಡ ಊರದೆ.

ಹಲಗೆ ಹಾರಿ ಮೊದಲು ತಲುಪಿದ್ದು ಬೀಗಕ್ಕನೇ. ಕಣ್ಣು ಅರ್ಧ ತೆರೆದಿತ್ತು, ಅದರಲ್ಲಿ ಯಾರೂ ಇರಲಿಲ್ಲ. "ಕಡ್ಡಿ, ಏ ಕಡ್ಡಿ, ಇಲ್ಲಿ ನೋಡೇ" ಎಂದಳು. ಮುಟ್ಟಲು ಹೆದರಿಕೆ, ಬಿಡಲು ಹೆದರಿಕೆ. ಡಾಕ್ಟರ್ ಬಂದು ಅವಳನ್ನು ಪಕ್ಕಕ್ಕೆ ತಳ್ಳಿದರು. ಸ್ಟ್ರೆಚರಿನ ಮೇಲೆ ಹಾಕುವಾಗ ಹುಡುಗಿಯ ಒಂದು ಬೆರಳು ಅಲುಗಿತು. ಆ ಬೆರಳನ್ನೇ ನೋಡುತ್ತ ಅವಳು ಆಂಬುಲೆನ್ಸ್‌ತನಕ ಓಡಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕಡ್ಡಿಯ ತಾಯಿ ಬಂದು ಕೂತರು. ಚಪ್ಪಲಿ ಎರಡೂ ಬೇರೆ ಬೇರೆ ಜೊತೆಯವು. ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದಿದ್ದರು. ಬೀಗಕ್ಕನ ಕೈಹಿಡಿದು, "ನೀವು ಜೊತೆಗಿದೀರಲ್ಲ, ನನಗೆ ಅದೇ ಧೈರ್ಯ" ಎಂದರು. ಆ ಕೈಯನ್ನು ಬಿಡಿಸಿಕೊಂಡು ಓಡಿಬಿಡಬೇಕೆನ್ನಿಸಿತು ಅವಳಿಗೆ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು, ಬೇರೆ ಯಾರದೋ ಹೆಸರು ಕರೆದಾಗ ಒಟ್ಟಿಗೆ ಕೂರುತ್ತಿದ್ದರು.

ತಲೆಯೊಳಗೆ ರಕ್ತಸ್ರಾವವಾಗಿರಲಿಲ್ಲ. ಮಿದುಳಿಗೆ ಅಲುಗಾಟವಾಗಿದೆ, ಕೆಲವು ವಾರ ಪೂರ್ತಿ ವಿಶ್ರಾಂತಿ ಎಂದರು ಡಾಕ್ಟರು. ತಾಯಿ ಅತ್ತರು. ಬೀಗಕ್ಕನಿಗೆ ಅಳಲೂ ಧೈರ್ಯವಾಗಲಿಲ್ಲ.

ಹುಡುಗಿ ಮನೆಗೆ ಬಂದ ಮೇಲೆ ನೋಡಲು ಹೋದಳು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ ಸಣ್ಣ ಕೋಣೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತಂತೆ. ಕಡ್ಡಿ ದಿಂಬಿಗೆ ಒರಗಿದ್ದಳು. ಬೀಗಕ್ಕ ಮಂಚದ ತುದಿಯಲ್ಲಿ ಕೂತು, ಮಾತು ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ ಜೋಡಿಸಿಟ್ಟದ್ದೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದಳು.

"ಅದು ಟೆಕ್ನಿಕ್ ಅಲ್ಲ ಕಣೇ. ನನಗೆ ಚೆಂಡು ಕಂಡ್ರೆ ಭಯ. ಕಣ್ಣಿಗೆ ಏಟು ಬಿದ್ದಾಗಿಂದ ಭಯ. ಮಂಡಿಗಾಗಿ ಆಟ ಬಿಡಲಿಲ್ಲ ನಾನು. ಹೆದರಿ ಮುಖ ತಿರುಗಿಸ್ತಿದ್ದೆ, ನೀನು ಅದನ್ನೇ ಕಲಿತೆ. ನನಗೆ ವಿಡಿಯೋದಲ್ಲೇ ಗೊತ್ತಾಗಿತ್ತು. ಆವತ್ತೇ ಹೇಳಬೇಕಿತ್ತು."

ಕಡ್ಡಿ ಹೊದಿಕೆಯನ್ನು ಎದೆಯತನಕ ಎಳೆದುಕೊಂಡಳು. ಆಮೇಲೆ ಸಣ್ಣ ಧ್ವನಿಯಲ್ಲಿ, "ಕನ್ನಡಿ ಮುಂದೆ ನಿಂತ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದೆ ನಾನು ಅದನ್ನ" ಎಂದಳು. "ನಿಮ್ಮ ಹಾಗೇ ಬರ್ತಿಲ್ಲ ಅಂತ ಬೇಜಾರು ಬೇರೆ ಮಾಡ್ಕೋತಿದ್ದೆ."

ಬೀಗಕ್ಕ ಅವಳ ಕೈಹಿಡಿಯಲು ಹೋದಳು.

"ನೀವು ಹೋಗಿ ಅಕ್ಕ. ತಲೆ ನೋಯ್ತಿದೆ."

ಅಲ್ಲಿಂದ ನೇರ ಕ್ಲಬ್ಬಿಗೆ ಹೋದಳು. ಇನ್ನೊಂದು ದಿನ ತಡಮಾಡಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಗೊತ್ತಿತ್ತು. ಮುಖ್ಯ ಕೋಚ್ ಮೈದಾನದ ಅಂಚಿನಲ್ಲಿ ನಿಂತು ಕೇಳಿದ. ಮೀಸೆ ಅಲುಗಲಿಲ್ಲ. ಕೇಳಿ ಮುಗಿದ ಮೇಲೆ ಅವನು ಕೂಗಿದ್ದು ಗ್ಯಾಲರಿಯ ಆ ತುದಿಗೂ ಮುಟ್ಟಿತು.

"ಮೊದಲೇ ಹೇಳಿದ್ರೆ ನಿನ್ನ ತಿಂದುಬಿಡ್ತಿದ್ನಾ ನಾನು? ಆ ಹುಡುಗಿ ಸತ್ತೋಗಿದ್ರೆ?"

"ನನಗೂ ದಿನಾ ಅದೇ ಯೋಚನೆ ಸರ್" ಎಂದಳು ಅವಳು. "ಕೆಲಸ ಬಿಡು ಅಂದ್ರೆ ಬಿಡ್ತೀನಿ."

ಅವನು ಸೀಟಿ ಊದಿಕೊಂಡು ಹೊರಟುಹೋದ. ಆ ವಾರವೆಲ್ಲ ಅವಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಈಗ ಕರೆ ಬರುತ್ತದೆ, ಈಗ ಬರುತ್ತದೆ ಎಂದು ಬಾಗಿಲು ನೋಡುತ್ತ ಕೂತಳು. ಹುಡುಗಿಯರು ಬಂದರು, ಕೂತರು, ಹೋದರು. ಸುದ್ದಿ ಹಬ್ಬಿತ್ತು, ಕೆಲವರ ಮಾತು ಅವಳನ್ನು ಕಂಡೊಡನೆ ನಿಲ್ಲುತ್ತಿತ್ತು. ಕೊನೆಗೆ ಕಾರ್ಯದರ್ಶಿ ಬಂದು, ಗೋಲ್‌ಕೀಪರ್‌ಗಳಿಗೆ ಬೇರೆ ಕೋಚ್ ಬರುತ್ತಿದ್ದಾನೆಂದೂ, ಅವಳು ಮೊದಲಿನ ಹಾಗೆ ಉಳಿದ ಹುಡುಗಿಯರನ್ನು ನೋಡಿಕೊಳ್ಳಬೇಕೆಂದೂ ಹೇಳಿದ. "ಅಷ್ಟೇನಾ?" ಎಂದಳು. "ಇನ್ನೇನು, ಬೀಗ ಒಡೀಬೇಕಿತ್ತಾ?" ಎಂದ ಅವನು. ನಗಬೇಕೆಂದು ಅವಳಿಗೆ ಹೊಳೆದದ್ದು ಅವನು ಹೋದ ಮೇಲೆ.

ಮನೆಯಲ್ಲಿ ಈಗ ಗಂಡನಿಗೂ ಗೊತ್ತಾಗಿತ್ತು. ಅವನು ತನ್ನ ಹಳೆಯ ಕಾಲುಚೀಲಗಳನ್ನು ಸುತ್ತಿ ಉಂಡೆ ಕಟ್ಟಿ ತಾಯಿಯ ಕೈಗೆ ಕೊಟ್ಟ. ಬೆಳಿಗ್ಗೆ ಬೆಳಿಗ್ಗೆ ಮಹಡಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಅತ್ತೆ ಸೊಸೆಯ ಮುಖಕ್ಕೆ ಗುರಿಯಿಟ್ಟು ಉಂಡೆ ಎಸೆಯುವುದನ್ನು ನೋಡಿ ಎದುರುಮನೆಯವರು, "ಏನ್ರೀ, ಅತ್ತೆ ಸೊಸೆ ಜಗಳ ಇಲ್ಲೀತನಕ ಬಂತಾ?" ಎಂದು ಗಾಬರಿಯಾದರು. ಕಾಲುಚೀಲ ಎಂದು ಗೊತ್ತಿದ್ದೂ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಪರೂಪಕ್ಕೊಮ್ಮೆ ಮುಚ್ಚುತ್ತಿರಲಿಲ್ಲ.

ಕಡ್ಡಿ ಮೈದಾನಕ್ಕೆ ಮರಳಿದಳು. ಹೊಸ ಕೋಚ್‌ನ ಜೊತೆ ಅಭ್ಯಾಸ ಮಾಡುವಳು, ಬೀಗಕ್ಕನ ಕೋಣೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುವಳು. ಅವಳ ಕತ್ತು ಇನ್ನೂ ತಿರುಗುತ್ತಿತ್ತು. ಮೊದಲು ಅದು ಬರಿಯ ನಕಲು; ಈಗ ಅದರೊಳಗೆ ನಿಜವಾದ ಭಯ ಬಂದು ಸೇರಿಕೊಂಡಿತ್ತು. ದೂರದಿಂದಲೇ ಬೀಗಕ್ಕನಿಗೆ ಆ ವ್ಯತ್ಯಾಸ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಕಡ್ಡಿ ಬಾಗಿಲಿಗೆ ಬಂದು ನಿಂತಳು. ಕಂಕುಳಲ್ಲಿ ಚೆಂಡು.

"ಬನ್ನಿ ಅಕ್ಕ. ನೀವು ಗೋಲಲ್ಲಿ ನಿಲ್ಲಿ. ನಾನು ಒದೀತೀನಿ."

ಬೀಗಕ್ಕ ಆಗುವುದಿಲ್ಲ ಎನ್ನಲು ಬಾಯಿ ತೆರೆದಳು. ಹುಡುಗಿಯ ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಬೇರೆಯದೂ ಇತ್ತು. ಎದ್ದು ನಡೆದಳು.

ಮೈದಾನ ಖಾಲಿಯಿತ್ತು. ಕಂಬಗಳ ನಡುವೆ ನಿಂತಾಗ ಗೋಲುಪೆಟ್ಟಿಗೆ ಅವಳಿಗೆ ಹಿಂದೆಂದೂ ಇಲ್ಲದಷ್ಟು ಅಗಲವಾಗಿ ಕಂಡಿತು. ಕಡ್ಡಿ ಮೆತ್ತಗೆ ಒದೆಯಲಿಲ್ಲ. ಮೊದಲನೆಯದಕ್ಕೆ ಬೀಗಕ್ಕ ಮುಖ ತಿರುಗಿಸಿದಳು; ಚೆಂಡು ಬಲೆಗೆ ಬಡಿಯಿತು. ಮುಂದಿನದೂ ಅಷ್ಟೆ, ಅದರ ಮುಂದಿನದೂ ಅಷ್ಟೆ. ಮುಚ್ಚಿಡಲು ಈಗ ಯಾವ ಠೀವಿಯೂ ಇರಲಿಲ್ಲ. ಬಾಯಿ ಒಣಗಿ, ಮೊಣಕೈ ಮುಖಕ್ಕೆ ಅಡ್ಡ ಬಂದು, ಹೆದರಿದ ಹೆಂಗಸೊಬ್ಬಳು ಹೆದರಿದ ಹಾಗೇ ಕಾಣುತ್ತ ನಿಂತಿದ್ದಳು. ಒಂದು ಚೆಂಡು ಮೂಗಿಗೆ ತಾಗಿತು. ರಕ್ತ ತುಟಿಗೆ ಇಳಿಯಿತು.

ಕಡ್ಡಿ ಓಡಿಬಂದಳು. "ಸಾಕು ಅಕ್ಕ, ಸಾಕು."

"ಇನ್ನೊಂದು ಒದಿ" ಎಂದಳು ಬೀಗಕ್ಕ, ತೋಳಿನಿಂದ ಮೂಗು ಒರೆಸಿಕೊಂಡು. "ಈ ಸಲ ಬಂದದ್ದು ಕಾಣಿಸ್ತು. ಪೂರ್ತಿ ಅಲ್ಲ. ಸ್ವಲ್ಪ."

ಕಡ್ಡಿ ಒದೆಯಲಿಲ್ಲ. ಹುಲ್ಲಿನ ಮೇಲೆ ಕುಸಿದು ಕೂತು, "ನನಗೂ ಚೆಂಡು ಬರೋದು ಕಾಣಲ್ಲ ಈಗ" ಎಂದಳು. "ಹೊಸ ಸರ್‌ಗೆ ಹೇಳಿಲ್ಲ."

ಬೀಗಕ್ಕ ಅವಳ ಪಕ್ಕ ಕೂತಳು. "ಇವತ್ತೇ ಹೇಳೋಣ. ನಾನೂ ಬರ್ತೀನಿ."

ಹೋಗಿ ಹೇಳಿದರು. ಹೊಸ ಕೋಚ್ ಸಮಾಧಾನದ ಮನುಷ್ಯ. ಸ್ಪಂಜಿನ ಚೆಂಡಿನಿಂದ ಶುರುಮಾಡಿ, ಆಮೇಲೆ ಗಾಳಿ ಕಮ್ಮಿಯಿರುವ ಚೆಂಡು, ಆಮೇಲೆ ನಿಜವಾದದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ. ಬೀಗಕ್ಕ ಕೂಡ ಆ ಸಾಲಿನಲ್ಲಿ ಕಡ್ಡಿಯ ಹಿಂದೆ ನಿಂತಳು. ಉಳಿದ ಹುಡುಗಿಯರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲೆ ಅವರಲ್ಲೇ ಒಬ್ಬಳು ಡಿಫೆಂಡರ್ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ತಲೆಯಿಂದ ಚೆಂಡು ಹೊಡೆಯಬೇಕಾದಾಗ ತನಗೆ ಹೊಟ್ಟೆ ತೊಳಸುತ್ತದೆಂದು ಹೇಳಿಕೊಂಡಳು. ಚೆಂಡಿಗೇ ಹೆದರಿಕೆ ಎನ್ನುವ ಮಾತು, ಅವರಿಬ್ಬರನ್ನು ಬಿಟ್ಟರೆ, ಆ ಕ್ಲಬ್ಬಿನಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಬೀಗಕ್ಕ ಕುರ್ಚಿ ಎಳೆದು ಕೂರಿಸಿಕೊಂಡಳು.

ಕಡ್ಡಿ ಬೇಗ ಚೇತರಿಸಿಕೊಂಡಳು. ಋತುವಿನ ಕೊನೆಯ ಪಂದ್ಯಕ್ಕೆ ಅವಳನ್ನೇ ಇಳಿಸಿದರು. ಬೀಗಕ್ಕ ಮತ್ತೆ ಹಲಗೆಯ ಆಚೆ ನಿಂತಳು. ಅಂಗೈ ಬೆವರುತ್ತಿತ್ತು. ಈ ಹುಡುಗಿ ಆಡುವಷ್ಟು ಕಾಲ ತನಗೆ ಹೀಗೆಯೇ ಇರುತ್ತದೆ ಎಂದು ಅವಳಿಗೆ ಆಗಲೇ ಅರ್ಥವಾಗಿತ್ತು. ಎರಡನೆಯ ಅರ್ಧದಲ್ಲಿ ಬಿಗಿಯಾದ ಒಂದು ಹೊಡೆತ ಕಡ್ಡಿಯ ಹಣೆಯ ನೇರಕ್ಕೆ ಬಂದು, ಕೊನೆಯಲ್ಲಿ ಮೇಲಕ್ಕೆ ಜಿಗಿದು, ಬೆರಳ ತುದಿ ಸವರಿಕೊಂಡು ಬಲೆ ಸೇರಿತು. ತಂಡ ಸೋತಿತು. ಕಡ್ಡಿ ಗ್ಲೌಸ್ ಕಿತ್ತು ನೆಲಕ್ಕೆ ಬಡಿದಳು.

ಮರುದಿನ ವಿಡಿಯೋ ಕೋಣೆಯಲ್ಲಿ ಆ ಗೋಲನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಚೆಂಡು ಹಣೆಯ ಹತ್ತಿರ ಬಂದಲ್ಲಿ ಬೀಗಕ್ಕ ನಿಲ್ಲಿಸಲು ಹೇಳಿದಳು. ಹುಡುಗಿಯ ಕಣ್ಣುಗಳು ದೊಡ್ಡದಾಗಿ ತೆರೆದಿದ್ದವು, ಚೆಂಡಿನ ಮೇಲೇ ನೆಟ್ಟಿದ್ದವು.

"ಒಳ್ಳೇ ಗೋಲು ತಿಂದಿದೀಯ" ಎಂದಳು ಬೀಗಕ್ಕ.

"ತಮಾಷೆ ಮಾಡಬೇಡಿ ಅಕ್ಕ" ಎಂದು ಕಡ್ಡಿ ಸಿಡುಕಿದಳು. "ಒಂದು ಹೆಜ್ಜೆ ಹಿಂದೆ ನಿಂತಿದ್ರೆ ಸಿಗ್ತಿತ್ತು."

"ಹೂಂ, ಸಿಗ್ತಿತ್ತು. ನಾಳೆ ಅದನ್ನ ನೋಡೋಣ" ಎಂದು ಬೀಗಕ್ಕ ಚಿತ್ರವನ್ನು ಮುಂದಕ್ಕೆ ಓಡಿಸಲು ಹೇಳಿದಳು.